ಕುರ್ಚಿ ಇಲ್ಲದವರ ಮಾತಿಗೂ ಬೆಲೆ ಉಂಟು

"ಹೇಳ್ಲಿಕ್ಕೆ ನಾವು ಯಾರು?"

ನಮ್ಮ ಮನೆಗಳಲ್ಲಿ ಕೆಲಸದ ವಿಷಯ ಬಂದಾಗಲೆಲ್ಲ ಈ ಪ್ರಶ್ನೆ ಕೇಳಿಬರುತ್ತದೆ. ದಮ್ಮಾಮಿನ ಸೂಪರ್ ಮಾರ್ಕೆಟಿನಲ್ಲಿ ಕ್ಯಾಷಿಯರ್ ಆಗಿರುವ ಮಗ ಫೋನಿನಲ್ಲಿ ಹೇಳುತ್ತಾನೆ: "ಇಲ್ಲಿ ಸಾಮಾನು ಇಡುವ ಕ್ರಮವೇ ಸರಿ ಇಲ್ಲ, ದಿನಾ ಮಾಲು ಹಾಳಾಗ್ತದೆ. ಆದ್ರೆ ನಾನೇನು ಮ್ಯಾನೇಜರಾ?" ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳಿಗೆ ಡಾಕ್ಟರ್ ಬರೆದ ಔಷಧಿಯ ಪ್ರಮಾಣ ನೋಡಿ ಅನುಮಾನ ಬಂದಿರುತ್ತದೆ. ಕೇಳ್ಲಿಕ್ಕೆ ಹೆದರಿಕೆ. ಬೀಡಿ ಕಟ್ಟುವ ಉಮ್ಮನಿಗೆ ಬ್ರಾಂಚಿನ ಲೆಕ್ಕದಲ್ಲಿ ಏನೋ ಕಡಿಮೆ ಬಂದ ಹಾಗೆ ಕಾಣುತ್ತದೆ. ಪಕ್ಕದ ಮನೆಯವರಿಗೂ ಹಾಗೇ ಆಗಿರುತ್ತದೆ. ಇಬ್ಬರೂ ಮನೆಯೊಳಗೆ ಮಾತಾಡಿಕೊಂಡು ಸುಮ್ಮನಾಗುತ್ತಾರೆ.

ಇದನ್ನು ವಿನಯ ಅಂತ ನಾವು ಕರೆಯುತ್ತೇವೆ. ಹಿರಿಯರ ಎದುರು, ಸಂಬಳ ಕೊಡುವವರ ಎದುರು ದೊಡ್ಡ ಬಾಯಿ ಮಾಡಬಾರದು ಎಂಬುದು ನಮ್ಮ ಮನೆಗಳ ಅದಬು. ಅದು ಒಳ್ಳೆಯದೇ. ಆದರೆ ದೊಡ್ಡ ಬಾಯಿ ಮಾಡುವುದು ಬೇರೆ, ಕಂಡದ್ದನ್ನು ಹೇಳುವುದು ಬೇರೆ. ಕೆಲಸದ ಜಾಗದಲ್ಲಿ ಪದವಿ ಇಲ್ಲದವರೂ ನಾಲ್ಕು ಜನರನ್ನು ಸರಿ ದಾರಿಗೆ ತರಬಹುದು. ಅದಕ್ಕೆ ಮೊದಲು ಕೆಲಸದಿಂದ ಸಂಪಾದಿಸಿದ ನಂಬಿಕೆ ಬೇಕು. ಹಾಗೆಯೇ ಆ ಮಾತು ಒಳಗೆ ಬರಲು ಪದವಿ ಇರುವವರು ಬಾಗಿಲು ತೆರೆದಿಟ್ಟಿರಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ನಷ್ಟ ಎಲ್ಲರಿಗೂ. ಈ ವಾರ ನಾವು ಹೇಳಬೇಕೆಂದಿರುವುದು ಇದನ್ನೇ. ಇದಕ್ಕೆ ಎರಡು ನಿದರ್ಶನ ತೆಗೆದುಕೊಳ್ಳುತ್ತೇವೆ. ಒಂದು ಬೆಂಗಳೂರಿನ ಪಕ್ಕದ್ದು, ಇನ್ನೊಂದು ನಮ್ಮ ಬಜ್ಪೆಯದ್ದು.

ಯಾವ ಚನ್ನರಾಯಪಟ್ಟಣ?

ಚನ್ನರಾಯಪಟ್ಟಣ ಎಂದಾಕ್ಷಣ ನಮ್ಮ ಕರಾವಳಿಯವರಿಗೆ ನೆನಪಾಗುವುದು ಬೆಂಗಳೂರು ದಾರಿಯಲ್ಲಿ ಸಿಗುವ ಹಾಸನ ಜಿಲ್ಲೆಯ ಊರು. ನಾವು ಹೇಳುತ್ತಿರುವುದು ಅದಲ್ಲ. ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆ, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿ. 2008ರಲ್ಲಿ ಶುರುವಾದ ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ಇದೇ ತಾಲೂಕಿನಲ್ಲಿ. ಗಲ್ಫಿಗೆ ಹೋಗಲು ಆ ನಿಲ್ದಾಣಕ್ಕೆ ಹೋಗಿಬಂದ ನಮ್ಮವರು ಬಹಳ ಮಂದಿ. ಆದರೆ ಆಚೆಯ ಹಳ್ಳಿಗಳನ್ನು ನೋಡಿದವರು ಕಡಿಮೆ. ರಾಗಿ, ತರಕಾರಿ, ದ್ರಾಕ್ಷಿ, ಹೂವು, ಹೈನುಗಾರಿಕೆ ಅಲ್ಲಿನ ಬದುಕು. ಹೆಚ್ಚಿನವರು ಸಣ್ಣ ಹಿಡುವಳಿಯವರು, ಅವರಲ್ಲಿ ದಲಿತ ಕುಟುಂಬಗಳೂ ಇವೆ.

ಈ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ರಕ್ಷಣಾ ಮತ್ತು ವೈಮಾನಿಕ ಉದ್ಯಮಗಳ ಪಾರ್ಕಿಗಾಗಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತು. ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ಅವರಲ್ಲಿ ಮಂತ್ರಿ ಇರಲಿಲ್ಲ, ಅಧಿಕಾರಿ ಇರಲಿಲ್ಲ. ಕೂತವರು ಬೆಳಿಗ್ಗೆ ಹಾಲು ಕರೆದು, ದನಕ್ಕೆ ಹುಲ್ಲು ಹಾಕಿ ಬರುವವರು.

ಮೊದಲ ವಾರ ಯಾವ ಧರಣಿಗೂ ಜನ ಬರುತ್ತಾರೆ, ಫೋಟೋ ಬರುತ್ತದೆ. ಒಂದು ವರ್ಷ ದಾಟಿದ ಮೇಲೆ ಯಾರು ಕೂರುತ್ತಾರೆ? ಇಲ್ಲಿ ಕೂತರು. 2023ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರವೇ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ತಮ್ಮ ಪರ ಮಾತಾಡಿದ್ದ ಸಿದ್ದರಾಮಯ್ಯನವರೇ ಮುಖ್ಯಮಂತ್ರಿಯಾದರು. ಇನ್ನು ನಮ್ಮವರೇ ಬಂದರಲ್ಲ ಎಂದು ರೈತರು ಎದ್ದು ಹೋಗಲಿಲ್ಲ. ಮಾತು ಕೊಟ್ಟವರಿಗೆ ಮಾತು ನೆನಪಿಸುತ್ತಾ ಅಲ್ಲೇ ಕೂತರು.

2025ರ ಜೂನ್ ತಿಂಗಳಲ್ಲಿ ಸರ್ಕಾರ ಒಂದು ಹೆಜ್ಜೆ ಹಿಂದೆ ಬಂತು. ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ಬೇಕು ಎಂದಿತು. ಎಷ್ಟೋ ಹೋರಾಟಗಳು ಒಡೆದುಹೋಗುವುದು ಇಂಥ ಜಾಗದಲ್ಲೇ. ಭೂಮಿ ಉಳಿದವನು ಮನೆಗೆ ಹೋಗುತ್ತಾನೆ, ಉಳಿಯದವನು ಒಂಟಿಯಾಗುತ್ತಾನೆ. ಚನ್ನರಾಯಪಟ್ಟಣದಲ್ಲಿ ಹಾಗಾಗಲಿಲ್ಲ. 13 ಹಳ್ಳಿಗಳನ್ನೂ ಬಿಡಬೇಕು ಎಂಬ ಬೇಡಿಕೆಯಿಂದ ಹೋರಾಟ ಹಿಂದೆ ಸರಿಯಲಿಲ್ಲ. ಜೂನ್ 25ರಂದು ನಡೆದ 'ದೇವನಹಳ್ಳಿ ಚಲೋ'ದಲ್ಲಿ ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಧರಣಿ ಬೆಂಗಳೂರಿನ ಫ್ರೀಡಂ ಪಾರ್ಕಿಗೂ ಬಂತು. ರೈತ, ದಲಿತ, ಕಾರ್ಮಿಕ, ಮಹಿಳಾ ಸಂಘಟನೆಗಳು ಜೊತೆಗೆ ನಿಂತವು. ನಟ ಪ್ರಕಾಶ್ ರಾಜ್ ಅವರಂಥವರೂ ಬಂದು ದನಿಗೂಡಿಸಿದರು. ಜುಲೈ 4ರಂದು ಮುಖ್ಯಮಂತ್ರಿ ರೈತರ ಜೊತೆ ಸಭೆ ನಡೆಸಿ ಹತ್ತು ದಿನ ಕಾಲಾವಕಾಶ ಕೇಳಿದರು. ಜುಲೈ 15ರಂದು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಧರಣಿ ಶುರುವಾಗಿ ಅಂದಿಗೆ 1,198 ದಿನ.

ಈ ತೀರ್ಮಾನದ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ ಅಲ್ಲ. ಉದ್ಯಮ ಬಂದರೆ ಕೆಲಸ ಬರುತ್ತಿತ್ತು ಎನ್ನುವವರಿದ್ದಾರೆ. ಒಳ್ಳೆಯ ಬೆಲೆ ಸಿಕ್ಕರೆ ಭೂಮಿ ಕೊಡುತ್ತೇವೆ ಎಂದ ರೈತರೂ ಅಲ್ಲಿದ್ದರು. ಸ್ವಇಚ್ಛೆಯಿಂದ ಕೊಡುವವರ ಭೂಮಿ ಪಡೆಯುತ್ತೇವೆ ಎಂದು ಸರ್ಕಾರ ಹೇಳಿದೆ. ಆ ಚರ್ಚೆ ನಡೆಯಲಿ. ನಾವು ನೋಡಬೇಕಾದ್ದು ಬೇರೆ: ಸಹಿ ಹಾಕುವ ಅಧಿಕಾರ ಇಲ್ಲದವರು, ಸಹಿ ಹಾಕುವವರ ಮನಸ್ಸು ಬದಲಾಯಿಸಿದ್ದು ಹೇಗೆ?

ಹೊಲದಿಂದ ಕೆಲಸದ ಜಾಗಕ್ಕೆ

"ಅವರದು ಬೇರೆ ಮಾರಾಯ್ರೆ. ಅವರಿಗೆ ಸ್ವಂತ ಭೂಮಿ ಇತ್ತು, ಅದಕ್ಕೆ ಕೂತರು. ನಮ್ಮ ಹುಡುಗ ಮಾಲಿಕನ ಎದುರು ಕೂತರೆ ನಾಳೆ ಟಿಕೆಟ್ ಮಾಡಿ ಊರಿಗೆ ಕಳಿಸ್ತಾರೆ" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ನೌಕರ ರೈತನಲ್ಲ. ವೀಸಾ ಮಾಲಿಕರ ಕೈಯಲ್ಲಿರುವ ಊರಿನಲ್ಲಿ ದುಡಿಯುವವನಿಗೆ ಧರಣಿ ಕೂರು ಎಂದು ನಾವು ಹೇಳುವುದೂ ಇಲ್ಲ. ಆದರೆ ಆ ರೈತರಿಂದ ಮೂರು ಸಂಗತಿ ಕಲಿಯಲಿಕ್ಕೆ ಉಂಟು. ಅಂಗಡಿ, ಹೋಟೆಲ್, ಆಫೀಸು, ಆಸ್ಪತ್ರೆ ಎಲ್ಲ ಕಡೆಯೂ ಅವು ನಡೆಯುತ್ತವೆ.

ಮೊದಲನೆಯದು, ತಾನು ಮಾತಾಡುವ ವಿಷಯ ತನಗೆ ಚೆನ್ನಾಗಿ ಗೊತ್ತಿರುವುದು. ಭೂಮಿ ಹೋದರೆ ಏನೇನು ಹೋಗುತ್ತದೆ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಕ್ಯಾಷ್ ಕೌಂಟರಿನಲ್ಲಿ ಎಂಟು ಗಂಟೆ ನಿಲ್ಲುವವನಿಗೆ ಗಿರಾಕಿ ಯಾಕೆ ವಾಪಸ್ ಹೋಗುತ್ತಾನೆ ಎಂಬುದು ಮಾಲಿಕನಿಗಿಂತ ಚೆನ್ನಾಗಿ ಗೊತ್ತು. ಅಡುಗೆಮನೆಯಲ್ಲಿ ನಿಲ್ಲುವವನಿಗೆ ಎಷ್ಟು ಅನ್ನ ದಿನಾ ಚೆಲ್ಲಿಹೋಗುತ್ತದೆ ಎಂದು ಗೊತ್ತು. ಈ ತಿಳಿವಳಿಕೆಗೆ ಅದರದೇ ಆದ ತೂಕ ಇದೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಮೇರಿ ಪಾರ್ಕರ್ ಫಾಲೆಟ್ ಎಂಬ ಮಹಿಳೆ ಉದ್ಯಮಗಳ ಆಡಳಿತದ ಬಗ್ಗೆ ಮಾತಾಡುತ್ತಾ ಇದನ್ನೇ ವಾದಿಸಿದ್ದರು. ಆಜ್ಞೆ ಬರಬೇಕಾದ್ದು ವ್ಯಕ್ತಿಯ ಸ್ಥಾನದಿಂದಲ್ಲ, ಎದುರಿಗಿರುವ ಪರಿಸ್ಥಿತಿ ಏನು ಕೇಳುತ್ತದೆಯೋ ಅದರಿಂದ ಎಂಬುದು ಅವರ ವಾದ. ಇನ್ನೊಬ್ಬರ ಮೇಲೆ ನಡೆಸುವ ಅಧಿಕಾರ ಬೇರೆ, ಇನ್ನೊಬ್ಬರ ಜೊತೆ ಸೇರಿ ಬೆಳೆಸುವ ಶಕ್ತಿ ಬೇರೆ ಎಂದೂ ಅವರು ಹೇಳಿದ್ದರು.

ಎರಡನೆಯದು, ದಿನಾ ಹಾಜರಿರುವುದು. ಒಂದು ದಿನ ಜೋರಾಗಿ ಮಾತಾಡಿ ಮರುದಿನ ಕಾಣದವನ ಮಾತನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕೆಲಸದ ಜಾಗದಲ್ಲಿ ಹಾಜರಿರುವುದೆಂದರೆ ಹೊತ್ತಿಗೆ ಬರುವುದು ಮಾತ್ರ ಅಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಕೆಲಸ ತೋರಿಸಿಕೊಡುವುದು, ಜೊತೆಯವನಿಗೆ ಹುಷಾರಿಲ್ಲದ ದಿನ ಅವನ ಪಾಳಿ ನೋಡಿಕೊಳ್ಳುವುದು, ಆದ ಕೆಲಸದ ಹೆಸರು ಮಾಡಿದವನಿಗೇ ಸಿಗುವ ಹಾಗೆ ಮಾಡುವುದು. ಇವೆಲ್ಲ ಸಣ್ಣ ಸಣ್ಣ ಠೇವಣಿ. ಒಂದು ದಿನ "ಇದು ಸರಿ ಇಲ್ಲ" ಎಂದು ಹೇಳಬೇಕಾಗಿ ಬಂದಾಗ ಅವೇ ಬೆನ್ನಿಗೆ ನಿಲ್ಲುತ್ತವೆ. ಠೇವಣಿಯೇ ಇಡದೆ ಹಣ ತೆಗೆಯಲಿಕ್ಕೆ ಹೋದವನನ್ನು ಬ್ಯಾಂಕಿನವರು ಮಾತಾಡಿಸುವುದಿಲ್ಲವಲ್ಲ.

ಮೂರನೆಯದು, ತನ್ನ ಪಾಲು ಸಿಕ್ಕಿತು ಎಂದು ಎದ್ದುಹೋಗದಿರುವುದು. ಮೂರು ಹಳ್ಳಿ ಬಿಡುತ್ತೇವೆ ಎಂದಾಗ 13 ಹಳ್ಳಿಯ ಮಾತಾಡಿದ್ದು ಇದೇ. ಬೀಡಿ ಬ್ರಾಂಚಿನಲ್ಲಿ ಲೆಕ್ಕ ಗೊತ್ತಿರುವ, ಪಿ.ಎಫ್. ಪುಸ್ತಕ ಓದಲು ಬರುವ ಒಬ್ಬರು ಹೆಂಗಸು ಇರುತ್ತಾರೆ. ಅವರು ಕೇಳಿದರೆ ಅವರ ಲೆಕ್ಕ ಮಾತ್ರ ಸರಿಯಾಗುತ್ತದೆ, ಯಾಕೆಂದರೆ ಅವರ ಬಾಯಿ ಮುಚ್ಚಿಸುವುದು ಸುಲಭ. "ನನ್ನದು ಸರಿಯಾಯ್ತು, ಆ ಮನೆಯ ಐಸುಮ್ಮನದ್ದೂ ನೋಡಿ" ಎಂದು ಅವರು ಇನ್ನೊಂದು ಮಾತು ಸೇರಿಸಿದರೆ ಅಂದಿನಿಂದ ಅವರೇ ಆ ಬ್ರಾಂಚಿನ ಮುಖಂಡರು. ಯಾರೂ ಅವರನ್ನು ನೇಮಿಸಲಿಲ್ಲ, ಬೋರ್ಡು ಹಾಕಲಿಲ್ಲ. ಆದರೂ ನಾಳೆ ಹತ್ತು ಮಂದಿ ಸಲಹೆ ಕೇಳಲು ಅವರ ಜಗಲಿಗೇ ಬರುತ್ತಾರೆ.

ಹೇಳಿದರೂ ಕೇಳದಿದ್ದಾಗ

ಇಷ್ಟಕ್ಕೇ ಮುಗಿಸಿದರೆ ಎಲ್ಲ ಭಾರವನ್ನೂ ಸಣ್ಣವನ ಹೆಗಲಿಗೆ ಹಾಕಿದ ಹಾಗಾಗುತ್ತದೆ. ಕೆಲಸ ಗೊತ್ತಿದ್ದು, ಧೈರ್ಯ ಇದ್ದು, ಹೇಳಬೇಕಾದ ಹೊತ್ತಿಗೆ ಹೇಳಿದರೂ ಮಾತು ನಡೆಯದಿರಬಹುದು. ಇದಕ್ಕೆ ನಮ್ಮೂರಿನಲ್ಲೇ ನೋವಿನ ನಿದರ್ಶನ ಇದೆ. ಆ ದಿನ ತಮ್ಮವರನ್ನು ಕಳಕೊಂಡ ಮನೆಗಳು ಈ ಪುಟ ಓದುವವರಲ್ಲೂ ಇವೆ ಎಂಬ ಅರಿವಿನಿಂದಲೇ ಇದನ್ನು ಬರೆಯುತ್ತಿದ್ದೇವೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಬದುಕಿ ಉಳಿದರು. ಸರ್ಕಾರ ನೇಮಿಸಿದ ತನಿಖಾ ಸಮಿತಿಯ ವರದಿ ಹೇಳಿದ್ದೇನು? ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಅದು ನೆಲ ಮುಟ್ಟಿದ್ದು ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿಯಷ್ಟು ಕಳೆದ ಮೇಲೆ. ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ 40 ನಿಮಿಷದಷ್ಟು ಹೊತ್ತು ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಇಳಿಯುವುದು ಬೇಡ, ಮೇಲಕ್ಕೆತ್ತಿ ಮತ್ತೊಂದು ಸುತ್ತು ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ವಿಮಾನದ ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತು. ಕ್ಯಾಪ್ಟನ್ ಕೇಳದೆ ಇಳಿಸಲು ಮುಂದುವರಿದದ್ದೇ ದುರಂತದ ನೇರ ಕಾರಣ ಎಂದು ವರದಿ ಹೇಳಿತು.

ವರದಿಯಲ್ಲಿ ಇನ್ನೂ ಒಂದು ಮಾತು ಇದೆ, ಅದರ ಬಗ್ಗೆ ಚರ್ಚೆ ಆದದ್ದು ಕಡಿಮೆ. ಕ್ಯಾಪ್ಟನ್ ಕೇಳದಿದ್ದಾಗ ಸಹಪೈಲಟ್ ತಾನೇ ನಿಯಂತ್ರಣ ತೆಗೆದುಕೊಂಡು ವಿಮಾನವನ್ನು ಮೇಲೆತ್ತಬಹುದೇ ಎಂಬ ಬಗ್ಗೆ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ. ಬಹುಶಃ ಅದಕ್ಕಾಗಿಯೇ ಅವರು ಮತ್ತೆ ಮತ್ತೆ ಹೇಳಿದರೂ ನಿಯಂತ್ರಣಕ್ಕೆ ಕೈ ಹಾಕಲಿಲ್ಲ ಎಂದು ಸಮಿತಿ ದಾಖಲಿಸಿತು.

ಅಂದರೆ ಅವರಿಗೆ ಗೊತ್ತಿತ್ತು, ಅವರು ಹೇಳಿದರು, ಒಂದಲ್ಲ ಮೂರು ಸಲ ಹೇಳಿದರು. ಕೊರತೆ ಇದ್ದದ್ದು ಅವರ ಧೈರ್ಯದಲ್ಲಿ ಅಲ್ಲ. ಎರಡನೆಯವನು ಬೇಡ ಎಂದಾಗ ಮೊದಲನೆಯವನು ನಿಲ್ಲಲೇಬೇಕು ಎಂಬ ಖಡಕ್ ಕ್ರಮ ಇರಲಿಲ್ಲ. ಹಾಗಾಗಿ ಪದವಿ ಇಲ್ಲದವರಿಗೆ "ಧೈರ್ಯವಾಗಿ ಮಾತಾಡು" ಎಂದು ಉಪದೇಶ ಮಾಡಿದರೆ ಸಾಲದು. ಅವರು ಮಾತಾಡಿದಾಗ ಏನಾಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಇಟ್ಟಿರಬೇಕು.

ವಿಮಾನಯಾನ ಲೋಕಕ್ಕೆ ಈ ಪಾಠ ಹೊಸತಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಹೊರಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಅನುಮಾನದಿಂದ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಆ ಅನುಮಾನವನ್ನು ತಳ್ಳಿಹಾಕಿದರು. ಅದರ ನಂತರದ ವರ್ಷಗಳಲ್ಲಿ ಪೈಲಟ್‌ಗಳ ತರಬೇತಿಯೇ ಬದಲಾಯಿತು. ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದನ್ನೂ, ಹಿರಿಯರು ಅದನ್ನು ಕೇಳುವುದನ್ನೂ ಪಾಠವಾಗಿ ಕಲಿಸತೊಡಗಿದರು. ಎರಡು ಸಲ ಎಚ್ಚರಿಸಿದರೂ ಉತ್ತರ ಬಾರದಿದ್ದರೆ ಮೂರನೆಯ ಸಲ ಕಾಯಬೇಡ, ಕ್ರಮ ತೆಗೆದುಕೋ ಎಂಬ ನಿಯಮ ವಿಮಾನದಿಂದ ಆಸ್ಪತ್ರೆಗಳಿಗೂ ಬಂತು.

ಆಸ್ಪತ್ರೆಯ ಒಂದು ನಿದರ್ಶನ ನರ್ಸಿಂಗ್ ಕಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ತೀವ್ರ ನಿಗಾ ಘಟಕದಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಮಾಡಬೇಕಾದ ಐದು ಕೆಲಸಗಳ ಪಟ್ಟಿ ಮಾಡಿದರು. ಕೈ ತೊಳೆಯುವುದು, ಚರ್ಮ ಶುಚಿ ಮಾಡುವುದು, ಈ ತರದ ಎಲ್ಲರಿಗೂ ಗೊತ್ತಿರುವ ಕೆಲಸಗಳೇ. ಹೊಸತು ಇದ್ದದ್ದು ಇನ್ನೊಂದು ಸಂಗತಿಯಲ್ಲಿ. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅವರನ್ನು ತಡೆಯಬಹುದು ಎಂದು ಆಡಳಿತವೇ ನರ್ಸ್‌ಗಳಿಗೆ ಅಧಿಕಾರ ಕೊಟ್ಟಿತು. ಸೋಂಕು ಬಹಳಷ್ಟು ಇಳಿಯಿತು. ನರ್ಸ್‌ಗಳು ಅಂದಿನವರೆಗೂ ನೋಡುತ್ತಲೇ ಇದ್ದರು. ಅಂದಿನಿಂದ ಹೇಳಲಿಕ್ಕೆ ಬಾಗಿಲು ತೆರೆಯಿತು.

ಇದು ನಮಗೆ ಹೊಸತಾ?

ನಿಜ ಹೇಳಬೇಕೆಂದರೆ ಈ ಕ್ರಮ ನಮ್ಮ ಮಕ್ಕಳಿಗೆ ಮದ್ರಸದಲ್ಲೇ ಕಲಿಸಿಕೊಟ್ಟಿರುತ್ತಾರೆ. ಜಮಾಅತ್ ನಮಾಝಿನಲ್ಲಿ ಇಮಾಮರಿಗೆ ಮರೆವು ಬಂದರೆ ಹಿಂದೆ ನಿಂತವರು 'ಸುಬ್‌ಹಾನಲ್ಲಾಹ್' ಎಂದು ಎಚ್ಚರಿಸುತ್ತಾರೆ. ಹೆಂಗಸರಾದರೆ ಕೈ ತಟ್ಟಿ ಸೂಚಿಸುತ್ತಾರೆ. ಅಲ್ಲಿ ಎಚ್ಚರಿಸುವವನು ಇಮಾಮರ ಜಾಗಕ್ಕೆ ಬಂದು ನಿಲ್ಲುವುದಿಲ್ಲ, ಅವರನ್ನು ಹೀಯಾಳಿಸುವುದಿಲ್ಲ, ನಮಾಝ್ ಬಿಟ್ಟು ಹೋಗುವುದೂ ಇಲ್ಲ. ಇಮಾಮರಿಗೂ ಅದರಿಂದ ಅವಮಾನ ಇಲ್ಲ. ಏನು ಹೇಳಬೇಕು, ಯಾವಾಗ ಹೇಳಬೇಕು, ಕೇಳಿದವರು ಏನು ಮಾಡಬೇಕು ಎಂಬುದೆಲ್ಲ ಮೊದಲೇ ಎಲ್ಲರಿಗೂ ಗೊತ್ತು. ಹಿಂದಿನ ಸಾಲಿನಲ್ಲಿ ನಿಂತ ಹುಡುಗನಿಗೂ ಆ ಅವಕಾಶ ಇದೆ.

ಮಸೀದಿಯ ಸಾಲಿನಲ್ಲಿ ಕಲಿತ ಈ ಕ್ರಮ ಅಂಗಡಿಯ ಕೌಂಟರಿಗೆ ಯಾಕೆ ಬರುವುದಿಲ್ಲ? ನಮ್ಮವರ ಹೋಟೆಲ್, ಬೇಕರಿ, ಬಟ್ಟೆ ಅಂಗಡಿ, ಮೀನಿನ ವ್ಯಾಪಾರಗಳಲ್ಲಿ ಹೆಚ್ಚಿನವು ಕುಟುಂಬದ ವ್ಯವಹಾರಗಳು. ಅಲ್ಲಿ ಮಾಲಿಕರೆಂದರೆ ಕಾಕ, ಇಲ್ಲವೇ ಹೆಂಡತಿ ಕಡೆಯ ಸಂಬಂಧಿಕರು. ಹೇಳಿದರೆ ಕೆಲಸದ ಮಾತು ಮನೆಯ ಮಾತಾಗಿಬಿಡುತ್ತದೆ. "ನಿನ್ನೆ ಮೊನ್ನೆ ಬಂದವನು ನನಗೆ ಕಲಿಸ್ತಾನೆ" ಎಂಬ ಒಂದು ಮಾತು ಸಾಕು, ಆ ಹುಡುಗ ಮತ್ತೆಂದೂ ಬಾಯಿ ಬಿಡುವುದಿಲ್ಲ. ಎರಡು ವರ್ಷದ ನಂತರ ಅಂಗಡಿ ನಷ್ಟಕ್ಕೆ ಬಂದಾಗ "ಯಾರೂ ಒಂದು ಮಾತು ಹೇಳ್ಲಿಲ್ಲ" ಎಂದು ಬೇಸರ ಮಾಡಿದರೆ ಏನು ಪ್ರಯೋಜನ?

ಹೇಳುವವರಿಗೆ ನಾಲ್ಕು ಮಾತು

ಮಾತು ನಡೆಯಬೇಕಾದರೆ ಕೆಲವು ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಕಂಡದ್ದನ್ನು ಲೆಕ್ಕ ಸಮೇತ ಹೇಳಿ. "ಇಲ್ಲಿ ಯಾವುದೂ ಸರಿ ಇಲ್ಲ" ಎಂದರೆ ಅದು ದೂರು. "ಈ ವಾರ ಇಷ್ಟು ಪ್ಯಾಕೆಟ್ ಹಾಲು ಹಾಳಾಯ್ತು, ಹಳೆಯದನ್ನು ಮುಂದೆ ಇಟ್ರೆ ಉಳೀತದೆ" ಎಂದರೆ ಅದು ಸಹಾಯ. ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮಾತು ತಾನಾಗಿ ಗಟ್ಟಿಯಾಗುತ್ತದೆ.

ಹತ್ತು ಜನರ ಎದುರು ಹೇಳಬೇಡಿ. ಮಾಲಿಕರಿಗೋ ಮೇಲಿನವರಿಗೋ ಬಿಡುವಿರುವ ಹೊತ್ತು ನೋಡಿ ಹೇಳಿ. ಜೀವದ ಪ್ರಶ್ನೆ ಮಾತ್ರ ಬೇರೆ. ತಪ್ಪು ಔಷಧಿ, ಸೋರುವ ಗ್ಯಾಸ್, ಕರೆಂಟು ಹೊಡೆಯುವ ಯಂತ್ರ, ನಿದ್ದೆಗಣ್ಣಿನ ಡ್ರೈವರ್, ಇವುಗಳ ಎದುರು ಹೊತ್ತು ನೋಡುತ್ತಾ ಕೂರಲಿಕ್ಕಿಲ್ಲ. ಮೊದಲ ಸಲ ಕಂಡದ್ದು ಹೇಳಿ, ಎರಡನೆಯ ಸಲ ಅಪಾಯ ಏನೆಂದು ಹೇಳಿ, ಆಮೇಲೂ ಕೇಳದಿದ್ದರೆ "ನಿಲ್ಲಿಸಿ" ಎನ್ನಿ, ನಿಮ್ಮ ಕೈಯಲ್ಲಿದ್ದರೆ ನಿಲ್ಲಿಸಿಯೇ ಬಿಡಿ.

ಒಬ್ಬರೇ ಹೋಗಬೇಡಿ. ಅದೇ ವಿಷಯ ಕಂಡ ಇನ್ನಿಬ್ಬರಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಒಬ್ಬನ ಮಾತು ಅಸಮಾಧಾನದ ಹಾಗೆ ಕೇಳಿಸಿದರೂ ಮೂವರ ಮಾತು ಸುದ್ದಿಯಾಗಿ ಕೇಳಿಸುತ್ತದೆ. ಕೆಲಸ ಹೋಗುವ ಭಯ ಇರುವ ಕಡೆ ಇದು ರಕ್ಷಣೆಯೂ ಹೌದು.

ಇನ್ನು ನಾಲ್ಕನೆಯದು, ಪದವಿ ಇಲ್ಲದೆ ದುಡಿಯುವುದೇ ನಿಮ್ಮ ಹಣೆಬರಹ ಎಂದುಕೊಳ್ಳಬೇಡಿ. ಎಲ್ಲ ಜವಾಬ್ದಾರಿಯನ್ನೂ ಒಬ್ಬರ ಮೇಲೆ ಹಾಕಿ, ಹೊಗಳಿ, ಸಂಬಳ ಮಾತ್ರ ಹಾಗೆಯೇ ಇಡುವ ಜಾಗಗಳಿವೆ. ಹೆಂಗಸರ ವಿಷಯದಲ್ಲಂತೂ ಇದು ಹೆಚ್ಚು. ಶಾಲೆಯಲ್ಲಿ ಹೊಸ ಟೀಚರಿಗೆ ಕೆಲಸ ಕಲಿಸುವವಳು ಅವಳೇ, ವಾರ್ಷಿಕೋತ್ಸವ ನಡೆಸುವವಳು ಅವಳೇ, ಪೋಷಕರನ್ನು ಸಮಾಧಾನ ಮಾಡುವವಳೂ ಅವಳೇ. ಮುಖ್ಯ ಶಿಕ್ಷಕಿಯ ಜಾಗ ಖಾಲಿಯಾದಾಗ ಮಾತ್ರ ಹೊರಗಿನಿಂದ ಒಬ್ಬರನ್ನು ಕರೆತರುತ್ತಾರೆ. ಕುರ್ಚಿ ಇಲ್ಲದೆ ಮುಂದಾಳಾಗುವುದು ದೊಡ್ಡ ಗುಣ. ಆ ಗುಣವನ್ನು ಬಿಟ್ಟಿ ದುಡಿಮೆ ಮಾಡಿಕೊಳ್ಳುವುದು ಅನ್ಯಾಯ. ಮಾಡಿದ ಕೆಲಸವನ್ನು ಬರೆದಿಡಿ, ವರ್ಷಕ್ಕೊಮ್ಮೆ ಅದನ್ನು ಎದುರಿಗಿಟ್ಟು ಸಂಬಳ, ಸ್ಥಾನ ಕೇಳಿ. ಕೇಳುವುದು ದುರಾಸೆಯಲ್ಲ.

ಕುರ್ಚಿಯಲ್ಲಿರುವವರಿಗೆ

ಈ ಪುಟವನ್ನು ಓದುವ ಮಾಲಿಕರು, ಕಮಿಟಿಯವರು, ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಇರುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಸಣ್ಣದು. ನಿಮ್ಮ ಕೈಕೆಳಗೆ ಅತಿ ಕಡಿಮೆ ಸಂಬಳ ತೆಗೆದುಕೊಳ್ಳುವವನು ಕಳೆದ ಒಂದು ವರ್ಷದಲ್ಲಿ ನಿಮಗೆ "ಇದು ಬೇಡ ಕಾಕ" ಎಂದು ಒಂದು ಸಲವಾದರೂ ಹೇಳಿದ್ದಾನಾ ಎಂದು ನೆನಪಿಸಿಕೊಳ್ಳಿ. ಹೇಳಿಲ್ಲ ಎಂದಾದರೆ ನಿಮ್ಮಲ್ಲಿ ತಪ್ಪೇ ಆಗುತ್ತಿಲ್ಲ ಎಂದು ಅರ್ಥ ಅಲ್ಲ. ಅವನಿಗೆ ಬಾಗಿಲು ಕಾಣುತ್ತಿಲ್ಲ ಎಂದು ಅರ್ಥ.

ಬಾಗಿಲು ತೆರೆಯುವುದು ಕಷ್ಟದ ಕೆಲಸ ಅಲ್ಲ. ಯಾವ ಯಾವ ವಿಷಯದಲ್ಲಿ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂದು ಮೊದಲೇ ಹೇಳಿಡಿ. ಹೋಟೆಲಾದರೆ ಹಳಸಿದ ಮಾಂಸ, ವರ್ಕ್‌ಶಾಪ್ ಆದರೆ ಬ್ರೇಕ್ ಸರಿ ಇಲ್ಲದ ಗಾಡಿ, ಮೆಡಿಕಲ್ ಶಾಪ್ ಆದರೆ ಅವಧಿ ಮುಗಿದ ಔಷಧಿ. ಹಾಗೆ ನಿಲ್ಲಿಸಿದವನ ಅನುಮಾನ ಸುಳ್ಳಾದರೂ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ನಿಜವಾಗಿಯೂ ಅಪಾಯ ಇರುವಾಗ ಅವನು ಸುಮ್ಮನಿರುತ್ತಾನೆ. ಅವನ ಸಲಹೆಯಿಂದ ಲಾಭವಾದರೆ ಅವನ ಹೆಸರು ಹೇಳಿ ಎಲ್ಲರ ಎದುರು ಹೇಳಿ.

ಜಮಾಅತ್ ಸಭೆಗಳಲ್ಲೂ, ಶಾಲೆಯ ಆಡಳಿತ ಮಂಡಳಿಗಳಲ್ಲೂ ಇದೇ ಕ್ರಮ ಬರಲಿ. ಲೆಕ್ಕಪತ್ರ ಓದಬಲ್ಲ ಯುವಕರು, ಮಕ್ಕಳ ಕಷ್ಟ ಹತ್ತಿರದಿಂದ ಕಂಡ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಕಮಿಟಿಯ ಪಟ್ಟಿಯಲ್ಲಿ ಹೆಸರು ಇಲ್ಲ ಎಂಬ ಒಂದೇ ಕಾರಣಕ್ಕೆ ಅವರ ಮಾತನ್ನು ಬಾಗಿಲ ಹೊರಗೆ ನಿಲ್ಲಿಸಬಾರದು.

ಚನ್ನರಾಯಪಟ್ಟಣದ ರೈತರು ತಮ್ಮ ಮಾತು ನಡೆಸಲು ಮೂರು ವರ್ಷಕ್ಕೂ ಹೆಚ್ಚು ಕಾಲ ಬಿಸಿಲಲ್ಲಿ ಕೂರಬೇಕಾಯಿತು. ಬಜ್ಪೆಯ ಆಕಾಶದಲ್ಲಿ ಇದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಮೂರು ಸಲ ಹೇಳಿದರೂ ಸಾಲಲಿಲ್ಲ. ನಮ್ಮ ಅಂಗಡಿ, ಆಸ್ಪತ್ರೆ, ಶಾಲೆಗಳಲ್ಲಿ ಅಷ್ಟು ವರ್ಷ ಕಾಯುವ ಅಗತ್ಯ ಬರಬಾರದು, ಅಷ್ಟು ತಡವೂ ಆಗಬಾರದು. ರಾತ್ರಿ ಊಟಕ್ಕೆ ಕೂತಾಗ ಕೆಲಸದಿಂದ ಬಂದ ಮಕ್ಕಳನ್ನು ಸಂಬಳ ಎಷ್ಟು ಬಂತು ಎಂದು ನಾವು ಕೇಳಿಯೇ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: "ಇವತ್ತು ಅಲ್ಲಿ ಸರಿ ಇಲ್ಲದ್ದು ಏನಾದ್ರೂ ಕಂಡಿದ್ಯಾ? ಯಾರಿಗೆ ಹೇಳಿದಿ?" ಮನೆಯಲ್ಲಿ ಕೇಳುವವರಿದ್ದಾರೆ ಎಂದು ಗೊತ್ತಾದ ಮಕ್ಕಳಿಗೆ ಹೊರಗೆ ಹೇಳಲಿಕ್ಕೂ ಧೈರ್ಯ ಬರುತ್ತದೆ.